ರಂಗಸ್ವಾಮಿ ಬಿನ್ ಕೆಂಪಯ್ಯ

ಅಡುಗೆಮನೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಕೆಳಗೆ, ಅಂಚಿಗೆಲ್ಲ ಅರಿಶಿನ ಹಿಡಿದು ಮೆತ್ತಗಾದ ರೇಷನ್ ಕಾರ್ಡೊಂದು ನಿಮ್ಮ ಮನೆಯಲ್ಲೂ ಇದ್ದಿರಬೇಕು. ಸೀಮೆಎಣ್ಣೆ ಬಂತೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಅದನ್ನು ಹಿಡಿದು ಓಡುತ್ತಿದ್ದ ನಾವು, ಮನೆಮಂದಿಯ ಹೆಸರುಗಳು ಅದರೊಳಗೆ ಒಂದರ ಕೆಳಗೊಂದು ಕೂತಿರುವುದನ್ನು ಓದಿ ನೋಡಿದ್ದೇ ಕಡಿಮೆ. ಉಣ್ಣುವುದು, ಕೆಮ್ಮುವುದು, ಮಕ್ಕಳನ್ನು ಗದರುವುದು ಇಷ್ಟಾದರೆ ಒಬ್ಬ ಮನುಷ್ಯ ಇದ್ದಾನೆಂಬುದಕ್ಕೆ ಸಾಕೆಂದೇ ನಾನೂ ನಂಬಿದ್ದೆ, ಗೆಳೆಯರೇ, ಎಂಬತ್ತರ ಆಸುಪಾಸಿನಲ್ಲಿ ತುಮಕೂರಿನ ಒಂದು ಕಚೇರಿಗೆ ಗುಮಾಸ್ತೆಯಾಗಿ ಸೇರುವವರೆಗೆ. ಯಾವ ಕಚೇರಿಯೆಂದು ಹೇಳಲಾರೆ. ಅದರ ಅನ್ನ ಉಂಡವಳು ನಾನು.

ಸೇರಿದ ಮೊದಲ ವಾರವೇ ಅವರನ್ನು ಕಂಡೆ. ನಲವತ್ತು ದಾಟದ ವಯಸ್ಸು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೇಳದ ಎಡಗಿವಿ. "ರಂಗಸ್ವಾಮಿ, ಬಿನ್ ಕೆಂಪಯ್ಯ" ಎಂದು ಹೇಳಿ ಕೌಂಟರಿನ ಮುಂದೆ ನೆಟ್ಟಗೆ ನಿಂತರು. ಗುಬ್ಬಿ ತಾಲ್ಲೂಕಿನ ಕಡಬದ ಆಚೆಗಿನ ಹಳ್ಳಿಯವರು. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಗೊಂಡು ಮರಳಿದ ಸಿಪಾಯಿ. ರೇಷನ್ ಕಾರ್ಡಿನಿಂದ ಹೊಡೆದುಹಾಕಿದ ಹೆಸರನ್ನು ಮತ್ತೆ ಸೇರಿಸಿಕೊಳ್ಳಬೇಕೆಂಬುದು ಅವರ ಅರ್ಜಿ. ನಮ್ಮ ವಿಭಾಗದ ಹಿರಿಯರಾದ ಶಾಮಣ್ಣನವರು ದಪ್ಪ ರಿಜಿಸ್ಟರನ್ನು ತಿರುವಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಇದರ ಪ್ರಕಾರ ನೀವು ಹೋಗ್ಬಿಟ್ಟಿದೀರಿ. ಬದುಕಿದೀನಿ ಅಂತ ಸರ್ಟಿಫಿಕೇಟ್ ತಗೊಂಡ್ ಬನ್ನಿ."

"ನಾನೇ ಬಂದಿವ್ನಲ್ಲ ಸಾರ್."

"ನೀವು ಬಂದ್ರೆ ಆಗಲ್ಲ ಸ್ವಾಮಿ, ಕಾಗದ ಬರ್ಬೇಕು."

ಅಂದಿನಿಂದ ವಾರಕ್ಕೊಮ್ಮೆ ಅವರು ಬಂದು ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಕೂರುವಾಗ ಬಲಕ್ಕೆ ಒಬ್ಬರಿಗಾಗುವಷ್ಟು ಜಾಗ ಬಿಡುತ್ತಿದ್ದರು. ಜನ ಕಿಕ್ಕಿರಿದ ದಿನ, ಗೋಡೆಗೊರಗಿ ನಿಂತ ಬಸುರಿಯೊಬ್ಬಳು ಸಹ ಆ ಜಾಗವನ್ನು ಒಮ್ಮೆ ನೋಡಿ ಮುಂದೆ ಸರಿದುಹೋದದ್ದನ್ನು ಕಣ್ಣಾರೆ ಕಂಡ ಮೇಲೆ ನನಗೆ ಕೇಳದೆ ಇರಲಾಗಲಿಲ್ಲ. "ಪಕ್ಕಕ್ಕೆ ಯಾರಾದರೂ ಬರ್ತಾರಾ?"

"ಬಂದವ್ನೆ ಕಣಮ್ಮ" ಎಂದರು, ಮಳೆ ಬಂತೆಂದಷ್ಟು ಸಹಜವಾಗಿ.

ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಉಳಿದದ್ದನ್ನು ಹೇಳಿದರು. ಅವರ ತುಕಡಿಯಲ್ಲಿ ಇಬ್ಬರು ರಂಗಸ್ವಾಮಿಗಳಿದ್ದರು, ಇಬ್ಬರ ತಂದೆಯೂ ಕೆಂಪಯ್ಯ. ಇವರು ಗುಬ್ಬಿ ರಂಗ, ಇನ್ನೊಬ್ಬ ಕುಣಿಗಲ್ ರಂಗ. ಒಬ್ಬರ ಕಾಗದ ಇನ್ನೊಬ್ಬರಿಗೆ ಸಿಕ್ಕಿ, ಇಬ್ಬರೂ ಎರಡು ಮನೆಯ ಕ್ಷೇಮಸಮಾಚಾರವನ್ನೂ ಓದಿ ನಗುತ್ತಿದ್ದರಂತೆ. ಗುಂಡು ಸಿಡಿದಾಗ ಕುಣಿಗಲ್ ರಂಗ ಬಲಪಕ್ಕದಲ್ಲಿದ್ದ, ಅಲ್ಲೇ ಮಡಿದ. ಇವರು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಊರಿಗೆ ಬರುವ ಹೊತ್ತಿಗೆ, ಸಾವಿನ ತಂತಿ ತಪ್ಪಿ ಇವರ ಮನೆಗೇ ಬಂದಿತ್ತು. ತಿಥಿ ಮುಗಿದಿತ್ತು, ಹೆಂಡತಿಯ ಕೈಯಲ್ಲಿ ಬಳೆಯಿರಲಿಲ್ಲ. ಊರ ಶಾಲೆಯ ಅಂಗಳದಲ್ಲಿ ಇವರ ಹೆಸರೂ ಊರೂ ಕೆತ್ತಿದ ಕಲ್ಲು ನಿಂತಿತ್ತು. ಗಂಡ ಮರಳಿದ ಮೇಲೂ ಆಕೆ ಎಷ್ಟೋ ದಿನ, ಅವರು ನಿದ್ದೆಹೋದಾಗ ಅಂಗಾಲು ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳಂತೆ. ಸೈನ್ಯದ ದಾಖಲೆಯಲ್ಲಿ ಅವರು ಬದುಕಿದ್ದರು. ನಾವು ನಾಗರಿಕರು ಇಟ್ಟುಕೊಂಡ ದಾಖಲೆಯಲ್ಲಿ ಮಾತ್ರ ಇರಲಿಲ್ಲ.

"ಕಲ್ಲು ತೆಗೀರಿ ಅಂದ್ರೆ, ಇರ್ಲಿ ಬುಡು, ಸ್ಕೂಲಿಗೊಂದು ಗೌರವ ಅಂತಾರೆ. ಸ್ವಾತಂತ್ರ್ಯದ ದಿನ ಹಾರ ಹಾಕಿ, ಭಾಷಣ ಮಾಡ್ತಾರೆ. ನಾನು ಹಿಂದ್ಗಡೆ ನಿಂತಿರ್ತೀನಿ. ಕಲ್ಲಿಗೆ ಹಾರ ಬಿದ್ದಾಗ ನನ್ನ ಕತ್ತು ತಣ್ಣಗಾಯ್ತದೆ ಕಣಮ್ಮ."

ಹಾರ ಹಾಕಿದ ಕೈಗಳೇ ಮರುದಿನ ಅವರನ್ನು ಸಾಲಿನ ಕೊನೆಗೆ ನೂಕುತ್ತಿದ್ದವು. ಸತ್ತ ಯೋಧನಿಗೆ ತಲೆಬಾಗುವುದು ನಮಗೆ ಸುಲಭ, ಅವನು ಏನನ್ನೂ ಕೇಳುವುದಿಲ್ಲ. ಬದುಕಿ ಬಂದವನು ಅರ್ಜಿ ಹಿಡಿದು ಬರುತ್ತಾನೆ. ಹೀಗೆ ಯೋಚಿಸುತ್ತ ನಾನು ಬಲು ನೊಂದುಕೊಂಡೆ, ನೊಂದುಕೊಳ್ಳುವುದೇ ದೊಡ್ಡ ಕೆಲಸವೆಂಬಂತೆ. ಆದರೆ ಅವರ ಹಳೆಯ ಕಡತ ಹುಡುಕಲು ಮೂಲೆಯ ಬೀರುವನ್ನು ತೆರೆದ ದಿನ, ಆ ನೋವಿನ ಸುಖವೂ ಉಳಿಯಲಿಲ್ಲ. ಧೂಳು ಹಿಡಿದ ಕಟ್ಟಿನ ನಡುವೆ ಸೈನ್ಯದಿಂದ ಬಂದ ಪತ್ರವೊಂದಿತ್ತು: ತಂತಿ ತಪ್ಪಿ ಹೋಗಿದೆ, ಮಡಿದವರು ಅಮೃತೂರಿನ ಬಳಿಯ ಹಳ್ಳಿಯ ರಂಗಸ್ವಾಮಿ ಬಿನ್ ಕೆಂಪಯ್ಯ, ದಯವಿಟ್ಟು ಆ ಮನೆಯವರಿಗೆ ಖುದ್ದಾಗಿ ತಿಳಿಸಿ ಎಂದು. ನಮ್ಮ ಕಚೇರಿಯ ಮೊಹರು ಬಿದ್ದು ಎಂಟು ವರ್ಷವಾಗಿತ್ತು. ಅಂಚಿನಲ್ಲಿ ಯಾರೋ ನೀಲಿ ಶಾಯಿಯಲ್ಲಿ 'ಫೈಲಿಗೆ', ಎಂದರೆ ಹಾಗೇ ಕಟ್ಟಿಡಿ, ಎಂದು ಬರೆದಿದ್ದರು.

ಪತ್ರ ಓದಿ ಹೇಳಿದಾಗ ರಂಗಸ್ವಾಮಿಯವರು ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡರು. "ಅವ್ರ ಮನೇಗೆ ಗೊತ್ತಿಲ್ವಾ? ಗೊತ್ತಿರ್ತದೆ ಅಂತ, ಮುಖ ತೋರ್ಸಕ್ಕೆ ಹೆದರಿ ನಾನು ಆ ಕಡೆ ಹೋಗ್ಲೇ ಇಲ್ಲ. ಎಂಟು ವರ್ಷ ಕಣಮ್ಮ!"

ಮುಂದಿನ ಭಾನುವಾರ ನಾವಿಬ್ಬರೂ ಹೊರಟೆವು. ಕುಣಿಗಲ್ಲಿನಲ್ಲಿ ಇಳಿದು ಅಮೃತೂರಿನ ಪ್ರೈವೇಟ್ ಬಸ್ಸು ಹತ್ತಿದೆವು. ಮೂವರ ಸೀಟಿನಲ್ಲಿ ಕಿಟಕಿಗೆ ನಾನು, ಈಚೆ ತುದಿಗೆ ಅವರು, ನಡುವೆ ಅದೇ ಖಾಲಿ ಜಾಗ. ಬಿಸಿಲು ರಾಚುತ್ತಿತ್ತು, ತೆಂಗಿನ ತೋಟಗಳಲ್ಲಿ ಗರಿಯೊಂದೂ ಅಲುಗುತ್ತಿರಲಿಲ್ಲ. ಕಂಡಕ್ಟರ್ ಬಂದು, ಚೀಟಿಯ ಕಟ್ಟು ತೆಗೆದು, "ಮೂರಾ?" ಎಂದ.

"ಎರಡು" ಎಂದೆ.

ಅವನು ಸೀಟಿನ ನಡುವೆ ನೋಡಿದ, ನನ್ನ ಮುಖ ನೋಡಿದ, ಎರಡೇ ಚೀಟಿ ಹರಿದು ಬೇಗ ಮುಂದಕ್ಕೆ ಹೋದ.

ಕುಣಿಗಲ್ ರಂಗನ ತಾಯಿ ನಿಂಗಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾವು ಯಾರೆಂದು ಹೇಳುವ ಮೊದಲೇ ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದಳು. ಎರಡನ್ನು ನಮ್ಮ ಕೈಗೆ ಕೊಟ್ಟು, ಮೂರನೆಯದನ್ನು ರಂಗಸ್ವಾಮಿಯವರ ಬಲಕ್ಕೆ, ಜಗುಲಿಯ ಮೇಲಿಟ್ಟಳು. ರಂಗಸ್ವಾಮಿಯವರು ಅವಳ ಕಾಲ ಬಳಿ ಕುಸಿದು ಕೂತರು.

"ಅವ್ವಾ, ಸಾವಿನ ಕಾಗ್ದ ನಮ್ಮನೇಗೆ ಬಂದ್ಬುಡ್ತು ಕಣವ್ವ."

"ಕಾಗ್ದ ನಿಮ್ಮನೇಗೆ ಬಂತು, ಅವ್ನು ನಮ್ಮನೇಗೆ ಬಂದ" ಎಂದಳು ನಿಂಗಮ್ಮ. "ಆ ವರ್ಷ ರಾಗಿ ಕಣದಾಗಿತ್ತು. ಮಟಮಟ ಮಧ್ಯಾಹ್ನ. ಬೂಟಿನ ಸದ್ದಾಯ್ತು. ಕಾಲ್ ತೊಳ್ಕೊಂಡ್ ಬಾರ್ಲಾ ಮಗ ಅಂತ ಬಾಗ್ಲಾಗೆ ಚೊಂಬು ಇಟ್ಟೆ. ಹಿಂದುಕ್ ತಿರುಗಿ ನೋಡುದ್ರೆ ನೀರು ಹಂಗೇ ಐತೆ, ಆಳಿಲ್ಲ. ಆವತ್ತೇ ತಿಳ್ಕಂಡೆ. ಯಾರ್ಗೂ ಹೇಳ್ಲಿಲ್ಲ. ಕೇಳಿದೋರ್ಗೆಲ್ಲ ಡ್ಯೂಟಿ ಮೇಲವ್ನೆ ಅಂದೆ."

ಆಮೇಲೆ ಪತ್ರವನ್ನು ಓದಿಸಿಕೊಂಡಳು. ಮಗನ ಹೆಸರು ಬಂದಾಗ ಮಾತ್ರ ಇನ್ನೊಂದು ಸಲ ಓದು ಎಂದಳು. ಓದಿದೆ. ಹಾಳೆಯ ಮೇಲೆ ಬೆರಳಾಡಿಸಿ, ಅಂಟಿದ ಧೂಳನ್ನು ನೋಡಿಕೊಂಡು ಕೇಳಿದಳು: "ಇಷ್ಟ್ ವರ್ಷ ಇದು ಎಲ್ಲಿತ್ತು ಮಗಳೇ?"

ಗೊತ್ತಿಲ್ಲ ಎನ್ನಬಹುದಿತ್ತು. ಪತ್ರ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ, ಎನ್ನಬಹುದಿತ್ತು. ರಂಗಸ್ವಾಮಿಯವರು ನನ್ನನ್ನೇ ನೋಡುತ್ತಿದ್ದರು.

"ನಮ್ಮಾಫೀಸಿನ ಬೀರುವಲ್ಲಿ ಇತ್ತಮ್ಮ. ನಾವೇ ಇಟ್ಕೊಂಡಿದ್ವಿ."

ನಿಂಗಮ್ಮ ಬಯ್ಯಲಿಲ್ಲ. ನನ್ನ ಕಡೆ ಬಾಗಿ, ತೀರ ಮೆಲ್ಲಗೆ, ನೆರೆಯವರಿಗೂ ಕೇಳಿಸದಂತೆ, "ಹಂಗಾರೆ ಅವ್ನೂ ಅಲ್ಲೇ ಇದ್ನಾ?" ಎಂದಳು.

ಗೆಳೆಯರೇ, ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ನಡುಗಿಸುವಂಥ ಪ್ರಶ್ನೆ ಕೇಳಿಲ್ಲ. ವಾರವಾರವೂ ನಮ್ಮ ವರಾಂಡದಲ್ಲಿ ಯಾರಿಗಾಗಿ ಜಾಗ ಬಿಟ್ಟಿತ್ತೆಂಬುದನ್ನು ಆ ತಾಯಿಗೆ ಹೇಳಿದವರು ಯಾರೂ ಇರಲಿಲ್ಲ.

ಅದೇ ವರ್ಷ ಕಲ್ಲಿನ ಮೇಲೆ ಊರಿನ ಹೆಸರು ಬದಲಾಯಿತು. ಶಾಲೆಯವರು ತಿಂಗಳಾನುಗಟ್ಟಲೆ ನೋಡೋಣ, ನೋಡೋಣ ಎಂದಾಗ, ರಂಗಸ್ವಾಮಿಯವರೇ ಉಳಿ ಹಿಡಿದು ಕೂತು, ತಮ್ಮೂರನ್ನು ಒಡೆದು ತೆಗೆದು ಗೆಳೆಯನ ಊರನ್ನು ಕೆತ್ತಿದರು. ನಿಂಗಮ್ಮ ಬಸ್ಸಿನಲ್ಲಿ ಬಂದು ಮಗನ ಹೆಸರಿಗೆ ತಾನೇ ಕುಂಕುಮ ಇಟ್ಟಳಂತೆ. ಆ ಹೊತ್ತಿಗೆ ರಿಜಿಸ್ಟರಿನಲ್ಲಿ ಅವರ ಹೆಸರೂ ಮರಳಿತ್ತು. ಶಾಮಣ್ಣನವರು ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿದ್ದರು.

ನಾನು ಮಾತ್ರ ಅಮೃತೂರಿನಿಂದ ಬಂದ ಮರುದಿನವೇ ಆ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದೆ. 'ಫೈಲಿಗೆ' ಎಂದು ಬರೆದ ಕಾಗದಗಳು ಕಟ್ಟುಗಟ್ಟಲೆ ಇದ್ದವು. ಒಂದೊಂದೇ ಬಿಚ್ಚಿ, ಒಳಗಿದ್ದ ಹೆಸರನ್ನು ಗಟ್ಟಿಯಾಗಿ ಓದತೊಡಗಿದೆ. "ಏನಮ್ಮ ಇದು, ಹಾಜರಿ ಕರೆದ ಹಾಗೆ?" ಎಂದು ಯಾರೋ ನಕ್ಕರು, ಆಮೇಲೆ ನಗು ನಿಂತಿತು, ಟೈಪ್‌ರೈಟರಿನ ಸದ್ದೂ ನಿಂತಿತು. ಏಳನೆಯದೋ ಎಂಟನೆಯದೋ ಹೆಸರು ಓದಿದಾಗ ವರಾಂಡದಿಂದ ಒಂದು ಗಂಡಸಿನ ದನಿ, ಬಹುಕಾಲದಿಂದ ಮಾತಾಡದೆ ಉಳಿದವರ ದನಿ, "ಇದೀನಿ" ಎಂದಿತು.

ಕಾಗದ ಹಿಡಿದು ಎದ್ದು ಹೊರಗೆ ಹೋದೆ.