ಕಂಬಿ ಬಿಟ್ಟ ಕೈ

ಹೆತ್ತೆಯ ಬಲಗೈ ನೆತ್ತಿಯ ಮೇಲೆ ಕೂತರೆ ನಮ್ಮ ಕತ್ತು ತುಸು ಕುಗ್ಗುತ್ತಿತ್ತು, ಅಷ್ಟು ಭಾರದ ಕೈ. ಟೀ ಎಲೆ ಕಿತ್ತು ಕಿತ್ತು ಬೆರಳ ಸಂದುಗಳು ಕಪ್ಪಾಗಿದ್ದವು. ಮುಂಗೈಯ ಹಚ್ಚೆಯ ಚುಕ್ಕೆಗಳು ಸುಕ್ಕಿನೊಳಗೆ ಸೇರಿಹೋಗಿದ್ದವು. ನೀಲಗಿರಿಯ ಬಡಗರು ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ಅವಳು ನನಗೆ ರಕ್ತಸಂಬಂಧಿಯಲ್ಲ. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಅರವಂಕಾಡಿನ ಮೇಲಿರುವ ಹಟ್ಟಿಯಲ್ಲಿ ಅಂಗಡಿ ಇಟ್ಟವರು. ನಮಗೂ ಅವಳಿಗೂ ನಡುವೆ ಇದ್ದದ್ದು ಒಂದೇ ಗೋಡೆ, ನಾನು ಅರ್ಧ ಬೆಳೆದದ್ದು ಆ ಕಡೆಯ ಅಡುಗೆಮನೆಯಲ್ಲಿ.

ಹಟ್ಟಿಯಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಬೇಕು, ಹಿರಿಯರು ನೆತ್ತಿ ಮುಟ್ಟಿ ಹರಸಬೇಕು. ಹೆತ್ತೆ ಅದನ್ನು ಗಡಿಬಿಡಿಯಲ್ಲಿ ಮುಗಿಸುವವಳಲ್ಲ. ಒಳ್ಳಿತಾಗಿ ಬದುಕು, ಮನೆ ತುಂಬಲಿ, ಹಾಲು ಉಕ್ಕಲಿ ಎಂದು ಪೂರ್ತಿ ಹೇಳುವವರೆಗೆ ಕೈ ತೆಗೆಯುತ್ತಿರಲಿಲ್ಲ. ನಮಗೆ ಬಸ್ಸು ತಪ್ಪಿದರೆ ತಪ್ಪಲಿ, ಬಾಗಿಯೇ ನಿಂತಿರಬೇಕು.

ಎಂಬತ್ತು ದಾಟಿ ಅವಳ ಮಂಡಿ ನಡುಗತೊಡಗಿದಾಗ ಮಗ ಮನೆಯನ್ನೇ ತಿದ್ದಿಸಿದ. ಬಚ್ಚಲಿಗೆ ಜಾರದ ಒರಟು ಟೈಲ್ಸ್, ಗೋಡೆಗೆ ಹಿಡಿಕೆ, ಎತ್ತರದ ಹೊಸ್ತಿಲಿಗೆ ಎರಡೂ ಕಡೆ ಸಿಮೆಂಟಿನ ಇಳಿಜಾರು, ಬಾಗಿಲಿನಿಂದ ಅಂಗಳದವರೆಗೆ ಸ್ಟೀಲ್ ಕಂಬಿ. ಕಾಲಿಗೆ ತೊಡರುವ ಚಾಪೆಗಳನ್ನೆಲ್ಲ ಸೊಸೆ ಸುತ್ತಿ ಅಟ್ಟಕ್ಕೆ ಹಾಕಿದಳು. ಹಗ್ಗ ಕಂಡರೂ ಹಾವೆನ್ನುವ ಪೈಕಿ ನಾನು, ನನಗೂ ಕೊಂಚ ಧೈರ್ಯ ಬಂತು.

ಹೆತ್ತೆ ಬಿದ್ದದ್ದು ಆ ಕಂಬಿಯ ಪಕ್ಕದಲ್ಲೇ. ಮಂಜು ಕವಿದ ಒಂದು ಬೆಳಗ್ಗೆ, ಹಿಂದೆ ಅವಳೊಡನೆ ಎಲೆ ಕೀಳುತ್ತಿದ್ದ ಹೆಂಗಸೊಬ್ಬಳು ಬಂದು ತಲೆ ಬಾಗಿಸಿದಳು. ಕಂಬಿ ಇದ್ದದ್ದು ಬಲಕ್ಕೆ. ಎಡಗೈಯಲ್ಲಿ ಯಾರೂ ಹರಸುವುದಿಲ್ಲ. ಹೆತ್ತೆ ಕಂಬಿ ಬಿಟ್ಟಳು, ಹರಸಿ ಮುಗಿಯುವ ಮೊದಲೇ ಜಾರಿದಳು. ಎಡಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಮಗ ರೇಗಿದರೆ ಅವಳು ನಕ್ಕಳು. "ಎರಡು ಕೈಯೂ ಕಂಬಿಗೇ ಕೊಟ್ಟರೆ ಬಂದವಕ ಏನ ಕೊಡಲಿ?"

ಆಮೇಲೆ ನನ್ನ ಕಿವಿ ಗೋಡೆಗೇ ಅಂಟಿಕೊಂಡಿತು. ಆ ಕಡೆ ಒಂದು ಚೊಂಬು ಉರುಳಿದರೂ ಓಡಿಹೋಗುತ್ತಿದ್ದೆ. "ಎನಗ ಏನೂ ಆಗಿಲ್ಲೆ ಅಮ್ಮಿ. ಓಡಿ ನೀ ಬಿದ್ದೀಯ, ಮೆಲ್ಲ ಬಾ" ಎನ್ನುತ್ತಿದ್ದಳು.

ಹಟ್ಟಿಯ ವರ್ಷದ ಹಬ್ಬ ಹತ್ತಿರ ಬಂತು. ಆ ದಿನ ಊರೂರಿಂದ ನೆಂಟರು ಬಂದು ಒಬ್ಬೊಬ್ಬರಾಗಿ ತಲೆ ಬಾಗಿಸುತ್ತಾರೆ, ಹೆತ್ತೆ ಬಾಗಿಲಲ್ಲಿ ನಿಂತೇ ಹರಸುತ್ತಾಳೆ. ನನಗೆ ಊಟ ಸೇರದಾಯಿತು. ಮಗ ಎತ್ತರದ, ಗಟ್ಟಿ ಕೈಗಳುಳ್ಳ ಒಂದು ಕುರ್ಚಿ ಮಾಡಿಸಿ ತಂದ. ಆದರೆ ಕೂತು ಹರಸು ಎಂದು ಅವಳಿಗೆ ಹೇಳುವವರು ಯಾರು?

"ನೀನೇ ಹೇಳಕ್ಕಾ. ನಾನು ಹೇಳಿದರೆ ಸೊಸೆ ಅತ್ತೆಯನ್ನು ಮೂಲೆಗೆ ಕೂರಿಸಿದಳು ಅಂತ ಹಟ್ಟಿ ಎಲ್ಲ ಮಾತಾಡುತ್ತೆ" ಎಂದಳು ಸೊಸೆ.

ನಾನೇ ಹೋಗಿ ಹೇಳಿದೆ. "ಹೆತ್ತೆ, ನೀನು ಕೂತರೆ ಮಾತ್ರ ನಾನು ತಲೆ ಬಾಗಿಸೋದು. ನಿಂತರೆ ಇಲ್ಲ."

ಅವಳು ದುರುಗುಟ್ಟಿ ನೋಡಿದಳು. "ಅಂಗಡಿ ಮನೆ ಹೆಣ್ಣಲ್ಲವ, ಎನ್ನ ಹತ್ತಿರವೂ ವ್ಯಾಪಾರವೇ" ಎಂದಳು. ಕೊನೆಗೆ ಕೂತಳು.

ಹಬ್ಬದ ದಿನ ಬೆಳಗಿನಿಂದ ಕೂತೇ ಹರಸಿದಳು. ಇನ್ನೇನು ಎಲ್ಲ ಸುಸೂತ್ರ ಎಂದುಕೊಳ್ಳುವಷ್ಟರಲ್ಲಿ ಕೋತಗಿರಿ ಕಡೆಯಿಂದ ಅವಳ ಅಕ್ಕ ಬಂದಳು, ಕೋಲೂರಿಕೊಂಡು. ಹೆತ್ತೆಯೂ ಒಬ್ಬರಿಗೆ ಕಿರಿಯಳು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಏಳಬೇಡ ಎಂದು ನಾನು ಬಾಯಿ ತೆರೆಯುವುದರೊಳಗೆ ಅವಳು ಎದ್ದು, ಎರಡೂ ಕೈ ಬಿಟ್ಟು, ತಲೆ ಬಾಗಿಸಿದ್ದಳು. ಅಕ್ಕನೂ ಕೋಲನ್ನು ಮರೆತು ಕೈ ಎತ್ತಿದಳು. ಇಬ್ಬರೂ ತೂಗಾಡುತ್ತಿದ್ದರು. ನಾನು ಹಿಂದಿನಿಂದ ಹೆತ್ತೆಯ ಸೊಂಟ ಹಿಡಿದೆ, ಸೊಸೆ ಅಕ್ಕನನ್ನು ಹಿಡಿದಳು. ಆ ಅಕ್ಕನೂ ಗಡಿಬಿಡಿಯ ಪೈಕಿಯಲ್ಲ, ಒಂದು ಮಾತೂ ಬಿಡದೆ ಹರಸಿದಳು.

ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ಬಿದ್ದಿದ್ದರೆ?" ಎಂದೆ.

"ಎನ್ನ ತಲೆ ಮುಟ್ಟಲು ಇನ್ನು ಇರೋದು ಅವ ಒಬ್ಬಳೇ ಅಮ್ಮಿ. ಅವಗ ಏಳದೆ ಇನ್ಯಾರಿಗ ಏಳಲಿ?"

ಮುಂದಿನ ಮಳೆಗಾಲದಲ್ಲಿ ಆ ಅಕ್ಕ ತೀರಿಕೊಂಡಳು. ಅಂದಿನಿಂದ ಹೆತ್ತೆ ಹೇಳಿದ ಮಾತು ಕೇಳತೊಡಗಿದಳು. ಕಂಬಿ ಹಿಡಿದೇ ನಡೆದಳು, ಕೂತೇ ಹರಸಿದಳು, ಬಚ್ಚಲಿಗೆ ಹೋಗಲು ಸೊಸೆಯನ್ನು ಕರೆದಳು. ನಾವು ಬೇಡಿಕೊಂಡದ್ದೆಲ್ಲ ಆಯಿತು. ಮನೆಯವರಿಗೆ ನೆಮ್ಮದಿಯಾಯಿತು. ನನಗೆ ನಿಜವಾದ ಹೆದರಿಕೆ ಹತ್ತಿದ್ದು ಆಗಲೇ. ಬಾಗಿಲಿಗೆ ಯಾರೇ ಬಂದರೂ ಅವಳು ಎದ್ದಾಳೇನೋ ಎಂದು ನೋಡುತ್ತಿದ್ದೆ, ಒಮ್ಮೆ ಏಳಲಿ ಎಂದೇ ನೋಡುತ್ತಿದ್ದೆ. ಆ ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು, ಹಾಸಿಗೆಯಲ್ಲಿ, ಎಲ್ಲೂ ಬೀಳದೆ.