ಗಂಗಕ್ಕ ಸುಲಿದ ಕಲ್ಲು

ಕಲ್ಲಲ್ಲಿ ಬಾಣದ ಮೊನೆ ಮಾಡೋದು ಕಲೀಬೇಕು ಅನ್ನೋ ಹುಚ್ಚು ನನಗೆ. ಹಂದನಕೆರೆಯ ತೋಟವೊಂದರಲ್ಲಿ ಕೂತು ಕುಟ್ಟುತ್ತಿದ್ದೆ. ಮೊನೆಗೆ ಬೇಕಾದ ತೆಳು ಚಕ್ಕೆ ಮಾತ್ರ ಏಳಲೊಲ್ಲದು. ಕಲ್ಲೆಲ್ಲ ಪುಡಿ, ಹೆಬ್ಬೆರಳಲ್ಲಿ ರಕ್ತ.

ಪಕ್ಕದಲ್ಲೇ ಕೊಬ್ಬರಿ ಸುಲಿಯುತ್ತಿದ್ದ ಗಂಗಕ್ಕನಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಕಣಪ್ಪ, ನೆತ್ತಿಗೆ ಹೊಡೆದ್ರೆ ಒಡೆದೋಯ್ತದೆ. ಅಂಚಿಗೆ ಓರೆಯಾಗಿ ಹೊಡಿ" ಎಂದು ಕಲ್ಲು ಕಸಿದುಕೊಂಡಳು. ಉಂಡೆ ಕೊಬ್ಬರಿಗೆ ಪೆಟ್ಟಾಗದಂತೆ ಚಿಪ್ಪು ಬಿಡಿಸಿ ಪಳಗಿದ ಕೈ. ವೀಳ್ಯದೆಲೆಯಷ್ಟು ತೆಳ್ಳಗಿನ ಚಕ್ಕೆಗಳು ಒಂದೊಂದಾಗಿ ಉದುರಿದವು.

ಆಮೇಲೆ ಆ ಚಕ್ಕೆಗಳನ್ನೆಲ್ಲ ಬಾಚಿ, ಒಲೆಗೆ ಹೋಗೋ ಚಿಪ್ಪಿನ ರಾಶಿಗೆ ಎಸೆದಳು. ಉಳಿದ ಗುಂಡುಕಲ್ಲನ್ನು ಸೆರಗಲ್ಲಿ ಒರೆಸಿ ನನ್ನ ಕೈಗಿಟ್ಟಳು. "ತಗೋ, ಒಂಚೂರೂ ಮುಕ್ಕಾಗಿಲ್ಲ ನೋಡು."

ನನಗೆ ಬೇಕಿದ್ದದ್ದು ಅವಳು ಎಸೆದ ಚಕ್ಕೆಗಳೇ. ಆದರೂ ಕಲ್ಲನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡೆ. ಕಲ್ಲು ಈಗ ನನ್ನ ಮೇಜಿನ ಮೇಲಿದೆ. ಬಾಣಕ್ಕಾಗಲ್ಲ, ನಿಜ, ಆದರೆ ಇಷ್ಟು ಚೆನ್ನಾಗಿ ಸುಲಿದ ಕಲ್ಲು ಇನ್ಯಾರ ಮನೇಲಿದೆ, ಹೇಳಿ?