ಐದನೆಯ ಕೊಳಗ

ಹುಣಸೂರಿನ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಬ್ಬಾ ಇದ್ದಾಗ ಉಳಿ, ಸುತ್ತಿಗೆ ಹಿಡಿದು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಈಗ ಕರೆಂಟಿನ ಮಿಷನ್ ಬಂದಿದೆ, ಪೆನ್ನಿನ ಹಾಗೆ ಹಿಡಿದರೆ ಗುಯ್ಯೆನ್ನುತ್ತಾ ಬರೆಯುತ್ತದೆ. ಹಿಡಿಯುವವಳು ನಾನು. ಮದುವೆಗೆ, ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಪಾತ್ರೆ ಕೊಡುವವರು ಕೊಟ್ಟವರು ಯಾರೆಂದು ಬರೆಸದೆ ಬಿಡುವುದಿಲ್ಲ. ಒಂದು ಲೋಟ ಕೊಂಡವರೂ ಗಂಡ, ಹೆಂಡತಿ, ಮಕ್ಕಳು ಎಂದು ಇಡೀ ಮನೆಯ ಹೆಸರು ಹೇಳುತ್ತಾ ನಿಲ್ಲುತ್ತಾರೆ. ಲೋಟಕ್ಕಿಂತ ಸಂಸಾರ ದೊಡ್ಡದಾಯಿತಲ್ಲ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಬರೆದುಕೊಡುತ್ತೇನೆ. ದಿನ ಬೆಳಗಾದರೆ ಊರವರ ಹೆಸರು ಬರೆಯುವವಳು, ಈ ಬರಹದಲ್ಲಿ ಮಾತ್ರ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಡಿಗ್ರಿ ಕಾಲೇಜಿನಲ್ಲಿ ನಾವು ಐದು ಜನ ಒಂದೇ ಬೆಂಚು. ಹನಗೋಡಿನಿಂದ ಒಬ್ಬಳು, ಕಟ್ಟೆಮಳಲವಾಡಿಯಿಂದ ಒಬ್ಬಳು ಬಸ್ಸಿನಲ್ಲಿ ಬರುತ್ತಿದ್ದರು, ಮತ್ತೊಬ್ಬಳು ಹಾಸ್ಟೆಲ್ಲಿನಲ್ಲಿದ್ದಳು. ಪೇಟೆಯವರೆಂದರೆ ನಾನು ಮತ್ತು ಅವಳು. ಆ ಮೂವರನ್ನು ಈಗ ಅವರಿರುವ ಊರಿನ ಮೇಲೆಯೇ ಕರೆಯುತ್ತೇನೆ: ಕೋಟೆಯವಳು, ಕೆ.ಆರ್. ನಗರದವಳು, ಪಿರಿಯಾಪಟ್ಟಣದವಳು. ‘ಅವಳು’ ಎಂದು ಸುಮ್ಮನೆ ಬರೆದರೆ ಅದು ಅವಳೊಬ್ಬಳೇ. ಅವಳ ಮನೆ ನಮ್ಮ ಹಿಂದಿನ ಗಲ್ಲಿಯಲ್ಲಿತ್ತು. ನಮ್ಮಿಬ್ಬರ ಮನೆಮಾತು ಉರ್ದು, ಆದರೆ ಐವರ ನಡುವೆ ಇದ್ದೂ ಇದ್ದೂ ನಾವಿಬ್ಬರೇ ಇದ್ದಾಗಲೂ ಕನ್ನಡದಲ್ಲೇ ಹರಟುತ್ತಿದ್ದೆವು.

ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಐವರೂ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಐಸ್‌ಕ್ಯಾಂಡಿ ಚೀಪುತ್ತಿದ್ದೆವು. ಆಗ ಮಾಡಿಕೊಂಡ ಕಾನೂನು ಇದು. ಯಾರ ಮದುವೆಯಾದರೂ ಉಳಿದ ನಾಲ್ವರು ಸೇರಿ ಮುಚ್ಚಳದ ದೊಡ್ಡ ಸ್ಟೀಲ್ ಕೊಳಗ ಕೊಡಬೇಕು. ಮೇಲೆ ಮದುಮಗಳ ಹೆಸರು, ಕೆಳಗೆ ಕೊಟ್ಟವರ ಹೆಸರು, ಕ್ಲಾಸಿನಲ್ಲಿ ಹಾಜರಿ ಕೂಗುತ್ತಿದ್ದ ಕ್ರಮದಲ್ಲಿಯೇ. ಹಾಜರಿಯಲ್ಲಿ ನಾನು ನಾಲ್ಕನೆಯವಳು, ಅವಳು ಕೊನೆಯವಳು. ಎಲ್ಲರ ಹೆಸರಿನ ಮುಂದೆಯೂ ಬಿ.ಎ. ಇರಬೇಕೆಂದು ಹಟ ಹಿಡಿದವಳು ಅವಳೇ.

“ರಿಸಲ್ಟೇ ಬಂದಿಲ್ವಲ್ಲೇ,” ಎಂದೆ.

“ಫೇಲಾದೋರ ಹೆಸ್ರು ಆಮೇಲೆ ಉಜ್ಜಿದ್ರಾಯ್ತು ಬಿಡು,” ಎಂದಳು.

ಮೊದಲ ಕೊಳಗ ರಿಸಲ್ಟಿಗಿಂತ ಮುಂಚೆಯೇ ಹೋಯಿತು, ಪಿರಿಯಾಪಟ್ಟಣದವಳ ಮದುವೆಗೆ. ಹೊಗೆಸೊಪ್ಪು ಬೆಳೆಯುವ ಮನೆಗೆ ಸೇರಿದಳು. ಆಮೇಲೆ ನೋಡಿದರೆ ಒಂದು ಸಬ್ಜೆಕ್ಟು ಹೋಗಿತ್ತು, ಮತ್ತೆ ಕಟ್ಟಲೇ ಇಲ್ಲ. ಕೊಳಗದ ಮೇಲೆ ಮಾತ್ರ ಇವತ್ತಿಗೂ ಬಿ.ಎ. ಪಾಸು. ಹಾಗೆಂದೇನೂ ಮೂಲೆ ಸೇರಲಿಲ್ಲ, ಪಂಚಾಯ್ತಿಗೆ ನಿಂತು ಗೆದ್ದಳು. ಎರಡನೆಯದು ಕೋಟೆಯವಳದು. ಬಿ.ಎಡ್. ಮಾಡಿ ಹೆಚ್.ಡಿ. ಕೋಟೆ ಕಡೆಯ ಹೈಸ್ಕೂಲಿಗೆ ಟೀಚರಾದಳು, ಅಲ್ಲಿಯ ಮೇಷ್ಟರನ್ನೇ ಮದುವೆಯಾದಳು. ಬ್ಯಾಂಕಿಗೆ ಸೇರಿ ಎಷ್ಟೋ ವರ್ಷವಾದ ಮೇಲೆ ಕೆ.ಆರ್. ನಗರದವಳ ಮದುವೆ. ಇವೆರಡರ ನಡುವೆ ಅವಳದು. ಬೈಪಾಸ್ ರಸ್ತೆಯಲ್ಲಿ ಬಾಗಿಲು, ಕಿಟಕಿ ಮಾಡುವ ಮರಗೆಲಸದವರ ಮನೆಗೆ ಕೊಟ್ಟರು. ಅವಳು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿದಳು, ಒಬ್ಬ ಮಗಳನ್ನು ಹೆತ್ತಳು. ನಾಲ್ಕು ಕೊಳಗವನ್ನೂ ಬರೆದದ್ದು ನಾನೇ.

ನನಗೆ ಗಂಡು ಬಾರದೆ ಇರಲಿಲ್ಲ. ಅಷ್ಟರಲ್ಲಿ ಅಬ್ಬಾಗೆ ಲಕ್ವ ಹೊಡೆದು ಅಂಗಡಿ ನನ್ನ ಕೈಗೆ ಬಂದಿತ್ತು. ನೋಡಲು ಬಂದವರು ಚಹಾ ಕುಡಿದು, ಮದುವೆಯಾದ ಮೇಲೆ ಅಂಗಡಿ ಬಿಡುತ್ತಾಳೆ ತಾನೆ ಎಂದು ಅಮ್ಮಿಯನ್ನು ಕೇಳುತ್ತಿದ್ದರು. ಬಿಡುವುದಿಲ್ಲ ಎಂದು ನಾನು ಒಳಗಿನಿಂದಲೇ ಹೇಳುತ್ತಿದ್ದೆ. ಬಿಸ್ಕತ್ತು ತಿಂದು ಹೊರಡುತ್ತಿದ್ದರು. ಬರುಬರುತ್ತಾ ಬರುವವರು ನಿಂತರು, ಬಿಸ್ಕತ್ತಿನ ಖರ್ಚು ಉಳಿಯಿತು. ಇದರಿಂದ ನನಗೇನೂ ದುಃಖವಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ನಿಜವಾಗಿಯೂ ಆಗಲಿಲ್ಲ.

ಅವಳ ಮನೆಗೆ ಮಾತ್ರ ನಾನು ಶುಕ್ರವಾರ ತಪ್ಪಿಸುತ್ತಿರಲಿಲ್ಲ. ನಮ್ಮ ಕೊಳಗದಲ್ಲಿ ಅಕ್ಕಿ ತುಂಬಿಡುತ್ತಿದ್ದಳು. ಮಗಳು ಅಕ್ಷರ ಕಲಿತದ್ದು ಅದರ ಮೇಲೆಯೇ. ಅವಳು ಅಕ್ಕಿ ಆರಿಸುತ್ತಾ ಕೂತರೆ ಮಗು ಕೊಳಗಕ್ಕೆ ಆತುಕೊಂಡು ನಮ್ಮ ಹೆಸರುಗಳ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗೆ ಜೋರಾಗಿ ಓದುತ್ತಿತ್ತು. ಎಲ್ಲ ಹೆಸರಿನ ಕೊನೆಗೂ ಬಿ.ಎ., ಬಿ.ಎ. ಎಂದು ಬರುವುದನ್ನು ಕೇಳಿ, ನೀವೆಲ್ಲ ಒಂದೇ ಮನೆಯವರಾ ಎಂದು ನನ್ನನ್ನು ಕೇಳಿತ್ತು. ಹೌದು ಎಂದು ಅವಳು ಉತ್ತರ ಕೊಟ್ಟಳು. ನಾವು ಓದಿದ್ದಕ್ಕೆ ಆದ ಪ್ರಯೋಜನ ಇಷ್ಟಾದರೂ ಇದೆಯಲ್ಲ ಎಂದು ಇಬ್ಬರೂ ನಕ್ಕೆವು.

ಮಗಳು ಹೈಸ್ಕೂಲಿಗೆ ಬಂದಾಗ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದರು. ಮೈಸೂರಿನ ಆಸ್ಪತ್ರೆಗೆ ಓಡಾಡಿದ್ದೇ ಬಂತು. ಒಂದು ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಮನೆಗೆ ತಂದರು. ಹೋಗಿ ಮುಖ ನೋಡಿದೆ. ಮಗಳ ತಲೆ ಸವರಿದೆ. ಮಧ್ಯಾಹ್ನ ಬಂದು ಅಂಗಡಿಯ ಷಟರ್ ಅರ್ಧ ಎತ್ತಿದೆ, ಯಾಕೆಂದರೆ ವೀರನಹೊಸಹಳ್ಳಿಯ ಮದುವೆಯವರ ಪಾತ್ರೆಗಳನ್ನು ಸಂಜೆಗೆ ಕೊಡಬೇಕಿತ್ತು. ಅಷ್ಟನ್ನೂ ಬರೆದೆ. ಕೈ ನಡುಗಲಿಲ್ಲ, ಒಂದು ಅಕ್ಷರವೂ ಓರೆಯಾಗಲಿಲ್ಲ. ರಾತ್ರಿ ಅಳು ಬರಬಹುದೆಂದುಕೊಂಡೆ, ಬರಲಿಲ್ಲ. ನಲವತ್ತನೆಯ ದಿನದ ಊಟಕ್ಕೆ ಹೋದಾಗ ಬರಬಹುದೆಂದುಕೊಂಡೆ. ಅವತ್ತು ಬಿರಿಯಾನಿಗೆ ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಅನ್ನಿಸಿತು.

ಆಮೇಲೆ ಎಲ್ಲವೂ ಹಾಗೆಯೇ ಆಯಿತು. ಕೋಟೆಯವಳಿಗೆ ಹೆಡ್‌ಮಿಸ್ ಆಗಿ ಬಡ್ತಿ ಸಿಕ್ಕಿತು, ಫೋನಿನಲ್ಲಿ ಒಂದು ಹೂವಿನ ಗುಚ್ಛದ ಚಿತ್ರ ಒತ್ತಿ ಕಳಿಸಿದೆ. ಕೆ.ಆರ್. ನಗರದವಳು ಮನೆ ಕಟ್ಟಿಸಿದಳು, ಅದೇ ಗುಚ್ಛ. ಪಿರಿಯಾಪಟ್ಟಣದವಳ ಮಗ ಇಂಜಿನಿಯರಿಂಗ್ ಸೇರಿದ, ಅದೇ ಗುಚ್ಛ. ಅವರ ಸಂತೋಷ ನನಗೆ ಬೇಡವಾಗಿರಲಿಲ್ಲ. ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಿತ್ತು, ಅಷ್ಟೆ.

ಹೋದ ವರ್ಷ ಅವಳ ಅತ್ತೆ ನಮ್ಮ ಮನೆಗೆ ಬಂದರು. ಅಮ್ಮಿಯ ಪಕ್ಕ ಕೂತು, ಮನೆಗೆ ಹೆಂಗಸು ಬೇಕು, ನನ್ನ ಕೈಲಾಗುವುದಿಲ್ಲ, ಗೊತ್ತಿಲ್ಲದವಳನ್ನು ತರುವುದಕ್ಕಿಂತ ನಿಮ್ಮ ಮಗಳನ್ನೇ ನನ್ನ ಮಗನಿಗೆ ಕೊಡಿ ಎಂದರು. ಅಂಗಡಿ ಬಿಡಬೇಕಾಗಿಲ್ಲ ಎಂದು ಅವರ ಮಗನೇ ಹೇಳಿ ಕಳಿಸಿದ್ದರು. ಒಲ್ಲೆ ಎನ್ನಲು ನನ್ನ ಹತ್ತಿರ ಇದ್ದ ಒಂದೇ ಕಾರಣ ಹೀಗೆ ಹೋಯಿತು. ಹೂಂ ಎನ್ನಲೂ ಕಾರಣವಿರಲಿಲ್ಲ. ಕೊನೆಗೆ, ಆ ಹುಡುಗಿ ತನ್ನ ಬಾಯಿಂದ ಬನ್ನಿ ಎಂದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ.

ಹುಡುಗಿ ಆಗ ಸೆಕೆಂಡ್ ಪಿ.ಯು.ಸಿ. ಹುಟ್ಟಿದಾಗಿನಿಂದ ನನ್ನನ್ನು ಅಮ್ಮಿಯ ತಂಗಿಯೆಂಬಂತೆ ಖಾಲಾ ಎನ್ನುವವಳು, ತನ್ನ ಅಮ್ಮಿಯ ಹಾಗೆ ನನ್ನೊಡನೆ ಕನ್ನಡದಲ್ಲೇ ಮಾತಾಡುವವಳು. ನಾನೇ ಹೋಗಿ ಕೇಳಿದೆ. ಫೋನಿನಿಂದ ಕಣ್ಣು ಎತ್ತಲಿಲ್ಲ.

“ನಿಮ್ಮಿಷ್ಟ ಖಾಲಾ,” ಎಂದಳು.

ಗಿರಾಕಿಗಳು ನಿಮ್ಮಿಷ್ಟ ಎಂದರೆ ಕೊಳ್ಳುವುದಿಲ್ಲ ಎಂದರ್ಥ. ಇಷ್ಟು ವರ್ಷ ಅಂಗಡಿಯಲ್ಲಿ ಕೂತವಳಿಗೆ ಅದು ತಿಳಿಯದೆ? ಹುಡುಗಿಯ ದಾದಿಗೆ, ಅಂದರೆ ಅಪ್ಪನ ತಾಯಿಯಾದ ಆ ಅತ್ತೆಗೆ, ಹಾಗೆಯೇ ಹೇಳಿದೆ. ಮಕ್ಕಳು ಇರುವುದೇ ಹಾಗೆ, ನಿಕಾಹ್ ಆದ ಮೇಲೆ ಸರಿಹೋಗುತ್ತಾಳೆ ಎಂದು ಅವರು ರಂಜಾನ್ ಕಳೆದ ಮೇಲಿನ ಒಂದು ದಿನ ಗೊತ್ತುಮಾಡಿಯೇ ಬಿಟ್ಟರು. ನಾನು ಜಗಳವಾಡಲಿಲ್ಲ. ಆ ದಿನದೊಳಗೆ ಹುಡುಗಿ ಬನ್ನಿ ಎನ್ನದಿದ್ದರೆ ಆಗುವುದಿಲ್ಲ ಎಂದುಬಿಡುವುದು, ಮುಗಿಯಿತು ಎಂದುಕೊಂಡೆ. ಹಬ್ಬ ಕಳೆಯಿತು. ಹುಡುಗಿ ಅಂಗಡಿಯ ಮುಂದೆ ಸ್ಕೂಟರಿನಲ್ಲಿ ಹೋಗುವಾಗ ಆಚೆ ಮುಖ ಮಾಡುತ್ತಿದ್ದಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಆಟೋದಲ್ಲಿ ಗೋಣಿಚೀಲಗಳು ಬಂದವು. ದಾದಿ ಕಳಿಸಿದ್ದರು. ಹೊಸ ಸೊಸೆ ಹಳೆಯ ಸೊಸೆಯ ಹೆಸರಿನ ಪಾತ್ರೆಯಲ್ಲಿ ಅಡುಗೆ ಮಾಡುವುದು ಸರಿಯಲ್ಲ, ಎಲ್ಲ ತೂಕಕ್ಕೆ ಹಾಕಿಕೊಂಡು ಹೊಸದು ಕೊಡಬೇಕು, ಅದಕ್ಕೆ ನನ್ನ ಹೆಸರು ಬರೆಯಬೇಕಂತೆ. ನನಗೆ ನಾನೇ ಎಕ್ಸ್‌ಚೇಂಜ್ ಆಫರ್ ಕೊಟ್ಟುಕೊಂಡ ಹಾಗೆ. ಚೀಲ ಸುರಿದೆ. ತಪ್ಪಲೆ, ತಟ್ಟೆ, ಸೌಟು, ಎಲ್ಲದರ ಮೇಲೂ ಅವಳ ಹೆಸರು, ಅಬ್ಬಾ ಉಳಿಯಲ್ಲಿ ಕೊರೆದದ್ದು. ಸ್ಟೀಲು, ಅಲ್ಯೂಮಿನಿಯಂ ಬೇರೆ ಮಾಡಿ ತೂಗಿದೆ. ಕಡೆಯ ಚೀಲದಲ್ಲಿ ನಮ್ಮ ಕೊಳಗ ಇತ್ತು. ಒಳಗೆ ಇನ್ನೂ ಅಕ್ಕಿಯ ವಾಸನೆ. ತಳದಲ್ಲಿ ಒಂದು ಕಡೆ ನೆಗ್ಗಿದೆಯಲ್ಲ ಎಂದುಕೊಂಡೆ. ಅದನ್ನು ತಕ್ಕಡಿಗೆ ಇಡದೆ ಗಲ್ಲಾದ ಕೆಳಗೆ ಸರಿಸಿ, ಹುಡುಗಿಗೆ ಮೆಸೇಜ್ ಹಾಕಿದೆ: ನಿಮ್ಮ ಅಮ್ಮಿಯ ಕೊಳಗ ಇಲ್ಲಿದೆ, ಬೇಕಿದ್ದರೆ ತೆಗೆದುಕೊಂಡು ಹೋಗು. ಓದಿದಳು, ಉತ್ತರ ಬರಲಿಲ್ಲ.

ಅದೇ ವಾರ ಗೆಳತಿಯರು ಮೂವರೂ ಒಟ್ಟಿಗೆ ಫೋನ್ ಮಾಡಿದರು. ನನ್ನ ಮದುವೆಯ ಕೊಳಗದ ವಿಷಯ. ನಾನು ಬೇಡ ಎಂದೆ, ಇನ್ನೂ ಏನೂ ಗಟ್ಟಿಯಾಗಿಲ್ಲ ಎಂದೆ.

“ಬೇಡ ಅನ್ನಕ್ಕೆ ನೀನ್ಯಾರೇ? ಕಾನೂನು ಅಂದ್ರೆ ಕಾನೂನು ಕಣೇ,” ಎಂದು ಪಿರಿಯಾಪಟ್ಟಣದವಳು ಪಂಚಾಯ್ತಿ ಗಂಟಲಿನಲ್ಲಿ ಕೂಗಿದಳು.

“ಬೇರೆ ಅಂಗ್ಡೀಲಿ ತಗೊಳ್ಳೋಣ ಅಂದ್ರೆ ನಿಂಗೆ ಕ್ವಾಪ ಬತ್ತದೆ,” ಎಂದಳು ಕೋಟೆಯವಳು. “ಅಂಗಾಗಿ ನಿನ್ನತ್ರಾನೇ ತಗೋತೀವಿ. ಡಿಸ್ಕೌಂಟ್ ಕೊಡು.”

“ನನ್ನ ಮದ್ವೆ ಕೊಳಗಕ್ಕೆ ನಾನೇ ಹೆಸ್ರು ಬರೀಬೇಕಾ?” ಎಂದೆ.

“ಇನ್ಯಾರಿಗೆ ಬರುತ್ತೆ ಹೇಳು? ಚೆನ್ನಾಗಿ ಬರಿ. ನಿನ್ನ ಮದ್ವೆ ಅಂತ ಅವಸರ ಮಾಡ್ಬೇಡ,” ಎಂದಳು ಕೆ.ಆರ್. ನಗರದವಳು.

ಎಲ್ಲರೂ ನಕ್ಕರು.

ಮಾರನೆಯ ದಿನ ಅಂಗಡಿ ಖಾಲಿಯಿದ್ದಾಗ ಒಂದು ಹೊಸ ಕೊಳಗ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಮಿಷನ್ ಹಿಡಿದೆ. ಮೇಲೆ ನನ್ನ ಹೆಸರು, ಬಿ.ಎ. ಅದರ ಕೆಳಗೆ ಕೋಟೆಯವಳದು, ಬಿ.ಎ. ಕೆ.ಆರ್. ನಗರದವಳದು, ಬಿ.ಎ. ಪಿರಿಯಾಪಟ್ಟಣದವಳದು, ಒಂದು ಸಬ್ಜೆಕ್ಟ್ ಬಾಕಿಯಿದ್ದರೂ ಬಿ.ಎ. ಸಂಜೆಗೆ ಹಾಲು ತರಬೇಕು, ಅಮ್ಮಿಯ ಮಾತ್ರೆ ಮುಗಿದಿದೆ ಎಂದೇನೋ ಯೋಚಿಸುತ್ತಿದ್ದೆ. ಮಿಷನ್ ಕೆಳಗಿಟ್ಟು ಸ್ಟೀಲಿನ ಹುಡಿ ಊದಿ ನೋಡಿದರೆ ಕೆಳಗೆ ಇನ್ನೊಂದು ಸಾಲು ಇತ್ತು. ಅವಳ ಹೆಸರು. ಬಿ.ಎ.

ಹಾಜರಿಯ ಕ್ರಮ ಕೈಗೆ ರೂಢಿಯಾಗಿಬಿಟ್ಟಿತ್ತು. ಮೂವರಾದ ಮೇಲೆ ನನ್ನನ್ನು ಬಿಟ್ಟು ಅವಳಿಗೆ ಹೋಗಬೇಕು, ಕೈ ಹೋಗಿತ್ತು. ಇಷ್ಟು ವರ್ಷದಲ್ಲಿ ಯಾರ ಪಾತ್ರೆಯ ಮೇಲೂ ಹೇಳದ ಹೆಸರು ಬರೆದವಳಲ್ಲ. ಸತ್ತವಳ ಕೈಯಿಂದ, ಅವಳ ಗಂಡನನ್ನೇ ಕಟ್ಟಿಕೊಳ್ಳುವುದಕ್ಕೆ ಉಡುಗೊರೆ ಬರೆದುಕೊಂಡ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ದಾದಿ ಕಂಡರೆ ಏನೆನ್ನುತ್ತಾರೆ, ಹುಡುಗಿ ಕಂಡರೆ ಏನೆಂದುಕೊಳ್ಳುತ್ತಾಳೆ. ಹಿಂದೆ ಪಾತ್ರೆ ಉಜ್ಜುವ ಚಕ್ರ ಇದೆ, ಅದಕ್ಕೆ ಹಿಡಿದರೆ ಎಂಥ ಹೆಸರೂ ಅಳಿಸಿಹೋಗುತ್ತದೆ. ಕೊಳಗ ಎತ್ತಿಕೊಂಡು ಹೋಗಿ ಚಕ್ರದ ಸ್ವಿಚ್ ಹಾಕಿದೆ.

“ಖಾಲಾ.”

ಹುಡುಗಿ ಕಾಲೇಜು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸ್ವಿಚ್ ಆರಿಸಿದೆ.

“ಅಮ್ಮಿ ಕೊಳಗ ತಗೊಂಡು ಹೋಗೋಣ ಅಂತ ಬಂದೆ,” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದುದನ್ನು ನೋಡಿದಳು. “ಅದ್ಯಾಕೆ ಉಜ್ತಿದ್ದೀರಿ? ಹೊಸದಲ್ವಾ?”

“ತಪ್ಪು ಬರ್ದುಬಿಟ್ಟೆ ಕಣಮ್ಮ.”

“ಎಲ್ಲಿ?”

ಮುಚ್ಚಿಡಬೇಕೆಂದುಕೊಂಡೆ. ಹುಡುಗಿ ಆಗಲೇ ಹತ್ತಿರ ಬಂದು ಕೊಳಗವನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದಳು. ಚಿಕ್ಕಂದಿನ ಹಾಗೆ ಬೆರಳಿಟ್ಟಳು. ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿದಳು, ಬಿ.ಎ. ಸಮೇತ. ಕಡೆಯ ಸಾಲಿಗೆ ಬಂದಾಗ ದನಿ ತಗ್ಗಿತು, ಆದರೆ ನಿಲ್ಲಿಸಲಿಲ್ಲ. ಪೂರ್ತಿ ಓದಿದಳು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ.

“ಇದ್ರಲ್ಲಿ ಯಾವ್ದು ತಪ್ಪು ಖಾಲಾ?” ಎಂದಳು.

ಹುಡುಗಿ ಇನ್ನೊಮ್ಮೆ ಆ ಕೆಳಗಿನ ಸಾಲನ್ನು ಬೆರಳಲ್ಲಿ ಸವರಿದಳು. ದುಪಟ್ಟಾದ ತುದಿಯಿಂದ ಅಲ್ಲಿ ಉಳಿದಿದ್ದ ಹುಡಿ ಒರೆಸಿದಳು.

“ಉಜ್ಬೇಡಿ. ಅಮ್ಮಿನೂ ಸೇರಿ ಕೊಟ್ಟಿದ್ದಾರೆ ಅಂದ್ಮೇಲೆ… ನೀವು ಬನ್ನಿ ಖಾಲಾ. ಮನೆಗೆ ಬನ್ನಿ.”

“ನಿಮ್ಮ ದಾದಿ?”

“ದಾದಿಗೆ ಕನ್ನಡ ಓದೋಕೆ ಬರಲ್ಲ,” ಎಂದಳು.

ಗಲ್ಲಾದ ಕೆಳಗಿನಿಂದ ಹಳೆಯ ಕೊಳಗ ಎತ್ತಿಕೊಟ್ಟೆ. ಅದನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ಹೋದಳು. ಹೋಗುವಾಗ ಈ ಸಲ ತಿರುಗಿ ನೋಡಿದಳು. ನಾನು ಹೊಸದನ್ನು ಮುಂದಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ.

ಯಾರೋ ಗಂಡ ಹೆಂಡತಿ ಬಂದು ನಾಮಕರಣಕ್ಕೆಂದು ಒಂದು ಹೊಳೆಯುವ ಪುಟ್ಟ ಲೋಟ ಆರಿಸಿದರು. ಹೆಸರು ಹಾಕಿಕೊಡಿ, ಇಲ್ಲೇ ನಿಂತಿರುತ್ತೇವೆ ಎಂದರು. ಮಿಷನ್ ಎತ್ತಿಕೊಂಡೆ, ಲೋಟಕ್ಕೆ ಮುಟ್ಟಿಸಿದೆ, ಮತ್ತೆ ಕೆಳಗಿಟ್ಟೆ.

“ನಾಳೆ ಬನ್ನಿ,” ಎಂದೆ. “ಇವತ್ತು ಕೈ ನಡುಗ್ತಾ ಇದೆ.”